ಬೀದಿ ಕಲಾವಿದರ ಸಾಕ್ಷ್ಯಚಿತ್ರವೂ ಬೋರ್ಡ್ ಬರೆಯುತ್ತಿದ್ದ ಹಿರಿಯರೊಬ್ಬರ ಪ್ರಶ್ನೆಯೂ

ಚರ್ಚೆ ಆರಂಭಿಸಿದವರು: ಪ್ರೌಢಶಾಲಾ ಶಿಕ್ಷಕ, ಕಲಬುರಗಿ

ಕಳೆದ ಭಾನುವಾರ ಸಂಜೆ ನಮ್ಮೂರಿನ ಕಾಲೇಜೊಂದರ ಸಭಾಂಗಣದಲ್ಲಿ ಬೀದಿ ಕಲಾವಿದರನ್ನು ಕುರಿತ ಸಾಕ್ಷ್ಯಚಿತ್ರದ ಪ್ರದರ್ಶನವಿತ್ತು. ಹೊರಗೆ ಬಿಸಿಲಿನ ಝಳ ಇನ್ನೂ ಇಳಿದಿರಲಿಲ್ಲ. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಗೋಡೆಗೆ ಬಿಳಿ ಪರದೆ ಇಳಿಬಿಟ್ಟಿದ್ದರು. ಅರವತ್ತು ಎಪ್ಪತ್ತು ಜನ ಸೇರಿದ್ದೆವು, ಹೆಚ್ಚಿನವರು ಚಿತ್ರಕಲೆಯ ವಿದ್ಯಾರ್ಥಿಗಳು.

ಚಿತ್ರ ನ್ಯೂಯಾರ್ಕಿನ ನೆಲದಡಿಯ ರೈಲು ನಿಲ್ದಾಣಗಳಲ್ಲಿ ಆರಂಭವಾಗುತ್ತದೆ. ಅಲ್ಲಿ ಜಾಹೀರಾತಿನ ಅವಧಿ ಮುಗಿದ ಚೌಕಟ್ಟುಗಳಿಗೆ ಹೊಸದು ಬರುವ ತನಕ ಕಪ್ಪು ಕಾಗದ ಅಂಟಿಸುತ್ತಿದ್ದರು. ಅಮೆರಿಕದ ಕಲಾವಿದ ಕೀತ್ ಹ್ಯಾರಿಂಗ್ 1980ರಿಂದ 1985ರವರೆಗೆ ಆ ಕಾಗದದ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ನೂರಾರು ಚಿತ್ರಗಳನ್ನು ಬರೆದರು. ಕೆಲವೊಮ್ಮೆ ಒಂದೇ ದಿನದಲ್ಲಿ 40ರವರೆಗೆ. ಪೊಲೀಸರು ಬರುವುದರೊಳಗೆ ಮುಗಿಸಬೇಕಾಗಿದ್ದ ಗೆರೆಗಳವು. ಎಲ್ಲಿಯೂ ತಡವರಿಸುವುದಿಲ್ಲ, ಅಳಿಸಿ ತಿದ್ದಿದ ಗುರುತೂ ಕಾಣುವುದಿಲ್ಲ. ಇಪ್ಪತ್ತು ವರ್ಷಗಳಿಂದ ಕಪ್ಪು ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಿರುವ ನನಗೆ ಆ ಗೆರೆಗಳಿಂದ ಕಣ್ಣು ಕೀಳಲಾಗಲಿಲ್ಲ.

ಬಳಿಕ ನಮ್ಮ ಬಾದಲ್ ನಂಜುಂಡಸ್ವಾಮಿಯವರು ಬರುತ್ತಾರೆ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯನ್ನು ಕೊಳದಂತೆ ಬಣ್ಣಿಸಿ ಅದರಲ್ಲಿ ಮೊಸಳೆಯೊಂದನ್ನು ಇಳಿಬಿಟ್ಟವರು ಅವರೇ. 2019ರಲ್ಲಿ ದೇಶವೆಲ್ಲ ಚಂದ್ರಯಾನದ ಕಡೆಗೆ ನೋಡುತ್ತಿದ್ದಾಗ ಗಗನಯಾತ್ರಿಯ ವೇಷದವರೊಬ್ಬರನ್ನು ಹದಗೆಟ್ಟ ರಸ್ತೆಯ ಮೇಲೆ ತೇಲುವ ಹೆಜ್ಜೆಯಲ್ಲಿ ನಡೆಸಿ, ಆ ರಸ್ತೆಯನ್ನೇ ಚಂದ್ರನ ನೆಲವಾಗಿ ತೋರಿಸಿದವರೂ ಅವರೇ. ದೆಹಲಿಯ ಲೋಧಿ ಕಾಲೊನಿಯ ಸರ್ಕಾರಿ ವಸತಿಗಳ ಎತ್ತರದ ಗೋಡೆಗಳನ್ನೂ ತೋರಿಸುತ್ತಾರೆ. ಅಲ್ಲಿ ಅನುಮತಿ ಪಡೆದು ಬರೆದ ಚಿತ್ರಗಳು ಈಗ 50ನ್ನು ದಾಟಿವೆ.

ಪ್ರದರ್ಶನದ ನಂತರ ಪ್ರಶ್ನೋತ್ತರ ನಡೆಯಿತು. ಸ್ವಾತಂತ್ರ್ಯ, ಪ್ರತಿರೋಧ, ನಗರೀಕರಣ ಎಂದು ಹಲವರು ಚೆನ್ನಾಗಿಯೇ ಮಾತನಾಡಿದರು. ಕೊನೆಗೆ ಹಿಂದಿನ ಸಾಲಿನಲ್ಲಿ ಮೊಮ್ಮಗನೊಂದಿಗೆ ಕುಳಿತಿದ್ದ ಹಿರಿಯರೊಬ್ಬರು ಎದ್ದು ನಿಂತರು. ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ಸುತ್ತಮುತ್ತ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಂಗಡಿಗಳ ಬೋರ್ಡ್ ಬರೆದವರೆಂದು ನನಗೆ ಆಮೇಲೆ ತಿಳಿಯಿತು. ಅವರು ಕೇಳಿದ್ದು ಒಂದೇ ಮಾತು: "ಆ ಗ್ವಾಡಿಗಿ ಅಸ್ತರ ಏನ್ ಹೊಡ್ದಾರ್ರಿ?"

ಬಣ್ಣಕ್ಕೆ ಮೊದಲು ಹೊಡೆಯುವ ತಳಲೇಪನವನ್ನು ಕುರಿತ ಪ್ರಶ್ನೆ ಅದು. ವೇದಿಕೆಯ ಮೇಲಿದ್ದವರಿಗೂ ಗೊತ್ತಿರಲಿಲ್ಲ, ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದಿಬ್ಬರು ನಕ್ಕರು, ಹಿರಿಯರು ಕುಳಿತುಕೊಂಡರು, ವಂದನಾರ್ಪಣೆ ಮುಗಿಯಿತು. ಒಂದೂವರೆ ಗಂಟೆ ಗೋಡೆಗಳನ್ನೇ ನೋಡಿದ ನಮ್ಮೆಲ್ಲರ ನಡುವೆ ಗೋಡೆಯನ್ನು ಗೋಡೆಯಾಗಿ ನೋಡಿದವರು ಅವರೊಬ್ಬರೇ ಎಂದು ನನಗೆ ಅಂದಿನಿಂದ ಅನ್ನಿಸುತ್ತಲೇ ಇದೆ. ನಮ್ಮ ಊರಿನ ಬೀದಿ ಕಲಾವಿದರು ಯಾರು ಎಂದು ಕೇಳಿದರೆ ನೀವು ಯಾರನ್ನು ನೆನೆಯುತ್ತೀರಿ?

ಗೃಹಿಣಿ, ಬ್ರಹ್ಮಪುರ

ಗುರುಗಳೇ, ನಿಮ್ಮ ಬರಹ ಓದಿ ನನ್ನ ಅಪ್ಪನ ನೆನಪಾಯಿತು. ಅವರು ನೆಹರು ಗಂಜಿನ ಅಡತ್ ಅಂಗಡಿಗಳಿಗೆ, ದಾಲ್ ಮಿಲ್‌ಗಳಿಗೆ, ಲಾರಿಗಳಿಗೆ ಅಕ್ಷರ ಬರೆಯುತ್ತಿದ್ದರು. ತೀರಿಕೊಂಡು ಒಂಬತ್ತು ವರ್ಷವಾಯಿತು. ಆ ಕೆಲಸ ಹೇಗೆ ನಡೆಯುತ್ತಿತ್ತೆಂಬುದನ್ನು ತಿಳಿದವರು ಕಡಿಮೆಯಾಗುತ್ತಿರುವುದರಿಂದ, ನಾನು ಕಣ್ಣಾರೆ ಕಂಡಷ್ಟನ್ನು ಇಲ್ಲಿ ಬರೆದಿಡುತ್ತೇನೆ.

ಮೊದಲು ತಗಡನ್ನು ಉಜ್ಜಿ, ಅಸ್ತರ ಹೊಡೆದು, ಒಂದು ದಿನ ಒಣಗಲು ಬಿಡುತ್ತಿದ್ದರು. ಮರುದಿನ ನೂಲಿಗೆ ನೀಲಿ ಪುಡಿ ಹಚ್ಚಿ, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಬಿಗಿಯಾಗಿ ಎಳೆದು ನಡುವೆ ಮೀಟುತ್ತಿದ್ದರು. ತಗಡಿನ ಮೇಲೆ ಕೂದಲೆಳೆಯಷ್ಟು ಸಣ್ಣ, ನೇರವಾದ ಗೆರೆ ಮೂಡುತ್ತಿತ್ತು. ಇಂಗ್ಲಿಷ್ ಅಕ್ಷರಗಳಿಗೆ ಅಂತಹ ಎರಡು ಗೆರೆ ಸಾಕು. ಕನ್ನಡಕ್ಕೆ ನಾಲ್ಕು ಬೇಕು, ಏಕೆಂದರೆ ತಲೆಕಟ್ಟಿಗೊಂದು, ಅಕ್ಷರದ ಮೈಗೆ ಎರಡು, ಒತ್ತಕ್ಷರಕ್ಕೆ ಕೆಳಗೊಂದು. ಹೊಸಬರು ಒತ್ತಕ್ಷರಕ್ಕೆ ಜಾಗ ಬಿಡದೆ ಬರೆದು, ಕೊನೆಗೆ ಅದನ್ನು ಮೂಲೆಗೆ ತುರುಕುತ್ತಾರೆಂದು ಅಪ್ಪ ಬೇಸರಪಡುತ್ತಿದ್ದರು. "ಒತ್ತು ಅಂದ್ರ ಮನಿ ಸಣ್ಣ ಮಗ ಇದ್ದಂಗ, ಅವಗ ಮೊದಲು ಜಾಗ ಮಾಡ್ಬೇಕು" ಎನ್ನುತ್ತಿದ್ದರು.

ನಮ್ಮ ಊರಿನ ಬೋರ್ಡ್ ಎಂದರೆ ಒಂದೇ ಲಿಪಿಯ ಕೆಲಸವಲ್ಲ. ಕನ್ನಡ ಎಡದಿಂದ ಬಲಕ್ಕೆ ಹೊರಟರೆ ಉರ್ದು ಬಲದಿಂದ ಎಡಕ್ಕೆ ಬರುತ್ತದೆ. ಕನ್ನಡದ ಅಕ್ಷರಗಳು ಒಂದೇ ಮಟ್ಟದಲ್ಲಿ ದುಂಡಗೆ ಕುಳಿತರೆ, ಉರ್ದುವಿನ ನಸ್ತಾಲೀಕ್ ಬರವಣಿಗೆ ಮೇಲಿನಿಂದ ಓರೆಯಾಗಿ ಇಳಿದು ಬರುತ್ತದೆ. ಇವೆರಡನ್ನೂ ಒಂದೇ ತಗಡಿನಲ್ಲಿ, ಒಂದು ಇನ್ನೊಂದನ್ನು ತುಳಿಯದ ಹಾಗೆ ಕೂರಿಸುವುದು ದೊಡ್ಡ ವಿದ್ಯೆ. ಉರ್ದು ಸಾಲುಗಳಿಗಾಗಿ ಅಪ್ಪ ದರ್ಗಾ ಕಡೆಯ ಕಾತಿಬ್ ಒಬ್ಬರನ್ನು ಕರೆಸುತ್ತಿದ್ದರು. ಅವರು ತಮ್ಮ ಪಾಲಿನ ಸಾಲನ್ನು ಮೊದಲು ಬರೆದು ಮುಗಿಸುತ್ತಿದ್ದರು. ಅದರ ಇಳಿಜಾರನ್ನು ನೋಡಿಕೊಂಡು ಅಪ್ಪ ಕನ್ನಡದ ಅಗಲವನ್ನು ಲೆಕ್ಕ ಹಾಕುತ್ತಿದ್ದರು. ಇಬ್ಬರೂ ಮಾತಿಲ್ಲದೆ ಅರ್ಧ ದಿನ ದುಡಿದು, ಒಂದೇ ಕೆಟಲಿನ ಚಹಾ ಕುಡಿದು ಏಳುತ್ತಿದ್ದರು.

ಫ್ಲೆಕ್ಸ್ ಬಂದ ಮೇಲೆ ಎರಡು ದಿನದ ಕೆಲಸ ಎರಡು ತಾಸಿಗೆ ಇಳಿಯಿತು. ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲಗಳ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿದಾಗ ಅಪ್ಪ ಹಳೆಯ ಬ್ರಷ್‌ಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿಟ್ಟಿದ್ದರು. ಯಾರೂ ಕರೆಯಲು ಬರಲಿಲ್ಲ. 2024ರಲ್ಲಿ ಬೋರ್ಡಿನ ಶೇಕಡ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂಬ ನಿಯಮ ಬಿಗಿಯಾದಾಗಲೂ ಅಂಗಡಿಗಳವರು ಅಚ್ಚಿನ ಹಾಳೆಯನ್ನೇ ಬದಲಾಯಿಸಿದರು. ಕನ್ನಡ ದೊಡ್ಡದಾಗಿ ಬಂದದ್ದು ನನಗೆ ಸಂತೋಷವೇ. ಆದರೆ ಅದು ಊರಿಗೆಲ್ಲ ಒಂದೇ ಅಕ್ಷರ; ಯಾರ ಕೈಯೂ ಅದರಲ್ಲಿ ಕಾಣುವುದಿಲ್ಲ.

ಅಪ್ಪನನ್ನು ಯಾರೂ ಕಲಾವಿದ ಎಂದು ಕರೆಯಲಿಲ್ಲ. ಪೇಂಟರ್ ಎಂದರು. ಅವರೂ ಹಾಗೆಯೇ ಹೇಳಿಕೊಂಡರು.

ದೃಶ್ಯಕಲಾ ವಿದ್ಯಾರ್ಥಿನಿ, ಕಲಬುರಗಿ

ಅಕ್ಕನವರೇ, ನಿಮ್ಮ ತಂದೆಯವರ ಬಗ್ಗೆ ಓದಿ ಗೌರವ ಮೂಡಿತು. ಆದರೂ ನನ್ನ ಭಿನ್ನಾಭಿಪ್ರಾಯವನ್ನು ಹೇಳಬೇಕು. ನಾನೂ ಆ ಪ್ರದರ್ಶನದಲ್ಲಿದ್ದೆ. ಚಿತ್ರದಲ್ಲಿ ಬಂದ ಕಲಾವಿದರಿಗೆ ಯಾರೂ ಕೆಲಸ ಒಪ್ಪಿಸಿರಲಿಲ್ಲ. ಏನನ್ನು ಬರೆಯಬೇಕು, ಎಲ್ಲಿ ಬರೆಯಬೇಕು, ಯಾರಿಗೆ ಮುಜುಗರವಾಗಬೇಕು ಎಂಬುದನ್ನೆಲ್ಲ ಅವರೇ ನಿರ್ಧರಿಸಿದ್ದರು. ಗುಂಡಿಯಲ್ಲಿ ಮೊಸಳೆ ಕೂರಿಸುವುದಕ್ಕೆ ಗ್ರಾಹಕರಿಲ್ಲ. ಅಂಗಡಿಯ ಹೆಸರನ್ನು ಎಷ್ಟೇ ಸುಂದರವಾಗಿ ಬರೆದರೂ ಅದು ಅಂಗಡಿಯವರ ಮಾತು. ಕೈಚಳಕ ಬೇರೆ, ಸೃಜನಶೀಲತೆ ಬೇರೆ ಎಂದು ನಮಗೆ ತರಗತಿಯಲ್ಲಿ ಕಲಿಸುತ್ತಾರೆ. ಇದರಲ್ಲಿ ಹುರುಳಿದೆ ಎಂದೇ ನನ್ನ ನಂಬಿಕೆ. ಎಲ್ಲರನ್ನೂ ಕಲಾವಿದರೆಂದು ಕರೆದರೆ, ಜೈಲಿನ ಭಯದಲ್ಲಿ ಗೋಡೆಯ ಮುಂದೆ ನಿಂತವರ ಧೈರ್ಯಕ್ಕೆ ಬೇರೆ ಹೆಸರೇ ಉಳಿಯುವುದಿಲ್ಲ.

ಚರ್ಚೆ ಆರಂಭಿಸಿದವರು

ನಿಮ್ಮ ಆಕ್ಷೇಪ ಸರಿಯಾದ ಜಾಗಕ್ಕೇ ತಾಗಿದೆ. ಆದರೆ ನಮ್ಮ ಊರಿನದೇ ಒಂದು ಉದಾಹರಣೆ ನೋಡಿ. ಎಸ್.ಎಂ. ಪಂಡಿತರು 1916ರಲ್ಲಿ ಇಲ್ಲಿಯೇ ಹುಟ್ಟಿದವರು. ಮುಂಬೈಗೆ ಹೋಗಿ ಅವರು ಹೆಸರು ಮಾಡಿದ್ದು ಸಿನಿಮಾ ಪ್ರಚಾರ ಚಿತ್ರಗಳಿಂದ, ಪತ್ರಿಕೆಗಳ ಮುಖಪುಟಗಳಿಂದ, ಮನೆಮನೆಯ ಗೋಡೆಗೆ ಏರಿದ ಕ್ಯಾಲೆಂಡರ್ ಚಿತ್ರಗಳಿಂದ. ಅವೆಲ್ಲವೂ ಇನ್ನೊಬ್ಬರು ಒಪ್ಪಿಸಿದ ಕೆಲಸಗಳೇ. ಚಿತ್ರಮಂದಿರದ ಮುಂದೆ ರಸ್ತೆಯಲ್ಲಿ ನಡೆದುಹೋಗುವವನು ಕ್ಷಣ ನಿಲ್ಲಬೇಕು ಎಂಬುದಷ್ಟೇ ಅವರಿಗೆ ಕೊಟ್ಟಿದ್ದ ಷರತ್ತು. ಉಳಿದ ಬೆಳಕು, ಮೈಬಣ್ಣ, ಕಣ್ಣಿನ ಭಾವ ಎಲ್ಲವೂ ಪಂಡಿತರದು. ಇಂದು ನಾವು ನಾಟಕ ನೋಡಲು ಹೋಗುವ ರಂಗಮಂದಿರಕ್ಕೆ ಅವರ ಹೆಸರಿದೆ. ಅವರನ್ನು ಕಲಾವಿದರೆಂದು ಒಪ್ಪಿಕೊಂಡ ನಾವು, ಅದೇ ದುಡಿಮೆಯನ್ನು ಇದೇ ಊರಿನಲ್ಲಿ ಉಳಿದು ಮಾಡಿದವರನ್ನು ಏಕೆ ಹೊರಗೆ ನಿಲ್ಲಿಸಬೇಕು?

ಧೈರ್ಯದ ಮಾತು ಬೇರೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ವಕೀಲರು, ಕಲಬುರಗಿ

ಜೈಲಿನ ಭಯದ ಪ್ರಸ್ತಾಪ ಬಂದಿರುವುದರಿಂದ ಕಾನೂನಿನ ಸ್ಥಿತಿಯನ್ನು ಹೇಳುವುದು ಒಳ್ಳೆಯದು. ತೆರೆದ ಸ್ಥಳಗಳ ವಿರೂಪ ತಡೆಯಲೆಂದೇ ಕರ್ನಾಟಕದಲ್ಲಿ 1981ರ ಕಾಯ್ದೆಯಿದೆ. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿಯಿಲ್ಲದೆ ಜಾಹೀರಾತು ಬರೆದರೆ, ಅಂಟಿಸಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ 1000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಜಾಹೀರಾತು ಎಂಬ ಪದದ ವ್ಯಾಖ್ಯೆಯಲ್ಲಿ ಅಕ್ಷರ, ಪದ, ಚಿತ್ರ, ಗುರುತು ಎಲ್ಲವೂ ಸೇರುವುದರಿಂದ, ಮಾರುವ ಉದ್ದೇಶವಿಲ್ಲದ ಗೋಡೆಚಿತ್ರವೂ ಅದರ ಹಿಡಿತಕ್ಕೆ ಸಿಗುವ ಸಾಧ್ಯತೆಯಿದೆ. ಆದ್ದರಿಂದ ಯುವಕರಿಗೆ ನನ್ನ ಸಲಹೆ ಇಷ್ಟೇ: ಗೋಡೆ ಖಾಸಗಿಯಾಗಿದ್ದರೂ ಮಾಲೀಕರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ, ಅದು ರಸ್ತೆಗೆ ಮುಖ ಮಾಡಿದ್ದರೆ ನಗರಾಡಳಿತದಿಂದಲೂ ಪಡೆಯಿರಿ.

ಬರೆದ ಮೇಲೆ ಅಳಿಸುವವರ ವಿಷಯವೂ ಇದೆ. ಸಾಕ್ಷ್ಯಚಿತ್ರದಲ್ಲಿ ನ್ಯೂಯಾರ್ಕಿನ 5 ಪಾಯಿಂಟ್ಜ್ ಕಟ್ಟಡದ ಕಥೆ ಬರುತ್ತದೆ. 2013ರ ನವೆಂಬರಿನಲ್ಲಿ ಕಟ್ಟಡದ ಮಾಲೀಕರು ರಾತ್ರೋರಾತ್ರಿ ಅಲ್ಲಿನ ಚಿತ್ರಗಳಿಗೆ ಸುಣ್ಣ ಬಳಿಸಿದಂತೆ ಬಿಳಿ ಬಣ್ಣ ಹೊಡೆಸಿದರು. 2018ರಲ್ಲಿ ನ್ಯಾಯಾಲಯ 21 ಕಲಾವಿದರಿಗೆ 67.5 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಇಂತಹ ಹಕ್ಕು ನಮ್ಮಲ್ಲಿಲ್ಲ ಎಂದು ಚರ್ಚೆಯಲ್ಲಿ ಯಾರೋ ಹೇಳಿದರಂತೆ. ಅದು ಸರಿಯಲ್ಲ. ಕೃತಿಯ ಹಕ್ಕನ್ನು ಮಾರಿದ ಮೇಲೂ ಕೃತಿಯ ಮೇಲೆ ಕರ್ತೃವಿನ ನೈತಿಕ ಹಕ್ಕು ಉಳಿಯುತ್ತದೆಂದು 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಂ ಹೇಳುತ್ತದೆ. ಶಿಲ್ಪಿ ಅಮರನಾಥ ಸೆಹಗಲ್ ಅವರು ದೆಹಲಿಯ ವಿಜ್ಞಾನ ಭವನಕ್ಕೆ ಮಾಡಿಕೊಟ್ಟಿದ್ದ ಕಂಚಿನ ದೊಡ್ಡ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ದಾಸ್ತಾನಿಗೆ ಹಾಕಿದ್ದರು. ದೆಹಲಿ ಹೈಕೋರ್ಟ್ 2005ರಲ್ಲಿ ಉಳಿದ ತುಣುಕುಗಳನ್ನು ಅವರಿಗೆ ಹಿಂದಿರುಗಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಸರ್ಕಾರಕ್ಕೆ ಆದೇಶಿಸಿತು. ಸ್ವತಃ ಸರ್ಕಾರವೇ ದುಡ್ಡು ಕೊಟ್ಟು ಮಾಡಿಸಿದ ಕೃತಿ ಅದು ಎಂಬುದನ್ನು ಗಮನಿಸಿ. ಒಪ್ಪಿಸಿದ ಕೆಲಸವಾದ ಮಾತ್ರಕ್ಕೆ ಅದು ಕಲೆಯಲ್ಲ ಎಂದು ಕಾನೂನು ಹೇಳುವುದಿಲ್ಲ.

ಬೀದರಿನಿಂದ

ಅಕ್ಷರವೇ ಕಲೆ ಎಂಬುದಕ್ಕೆ ನಮ್ಮ ಊರಿಗೆ ಬನ್ನಿ. ಮಹಮೂದ್ ಗವಾನ್ ಮದರಸಾ ಪೂರ್ಣಗೊಂಡದ್ದು 1472ರಲ್ಲಿ. ಅದರ ಮುಂಭಾಗದ ಬಣ್ಣದ ಬಿಲ್ಲೆಗಳ ಪಟ್ಟಿಯಲ್ಲಿ ಬರೆದಿರುವ ಅಕ್ಷರಗಳು ರಸ್ತೆಯಲ್ಲಿ ನಿಂತವನ ಕಣ್ಣಿಗೆ ಇಂದಿಗೂ ಬೀಳುತ್ತವೆ. ಕಟ್ಟಡದ ಒಂದು ಭಾಗ ಸ್ಫೋಟದಲ್ಲಿ ಕುಸಿದಿದೆ, ಬಿಲ್ಲೆಗಳಲ್ಲಿ ಬಹಳಷ್ಟು ಉದುರಿವೆ. ಆದರೂ ಉಳಿದಿರುವ ನೀಲಿ ಮಾತ್ರ ಮಂಕಾಗಿಲ್ಲ. ಬಿದರಿ ಕೆಲಸದವರು ಸತು ಹೆಚ್ಚಿರುವ ಮಿಶ್ರಲೋಹದ ಮೈಯಲ್ಲಿ ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಹಳೆಯ ಮಣ್ಣಿನಿಂದ ಕಪ್ಪು ತರಿಸುವುದನ್ನು ಎಲ್ಲರೂ ಬಲ್ಲರು. ಅವರಿಗೂ ಬಹುಕಾಲ ಸಿಕ್ಕಿದ್ದು ಕುಶಲಕರ್ಮಿ ಎಂಬ ಹೆಸರೇ.

ನಿಮ್ಮ ಜಿಲ್ಲೆಯಲ್ಲಿಯೇ, ಭೀಮಾ ತೀರದ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ, ಅಶೋಕನ ಶಿಲ್ಪದ ಜೊತೆಗೆ "ರಾಯ ಅಸೋಕೋ" ಎಂದು ಬ್ರಾಹ್ಮಿಯಲ್ಲಿ ಕೊರೆದಿದ್ದಾರೆ. ಚಿತ್ರವೂ ಅದರ ಹೆಸರೂ ಒಂದೇ ಕಲ್ಲಿನಲ್ಲಿವೆ. ಆ ಅಕ್ಷರ ಕೊರೆದವನ ಹೆಸರು ಕೇಳುವವರಿಲ್ಲದಿದ್ದರೂ ರಾಜನ ಗುರುತು ಸಿಕ್ಕಿದ್ದು ಅವನಿಂದಲೇ.

ಜಾನಪದ ಸಂಗ್ರಾಹಕ, ಸುರಪುರ

ಇಷ್ಟು ಹೊತ್ತು ಗೋಡೆಯ ಮಾತೇ ನಡೆಯಿತು. ಬೀದಿಯಲ್ಲಿ ಗೋಡೆ ಮಾತ್ರ ಇದೆಯೇ?

ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ನಾನು ಚಿಕ್ಕವನಾಗಿದ್ದಾಗ ಸುಗ್ಗಿ ಮುಗಿದ ಮೇಲೆ ಹಗಲುವೇಷದವರು ಬರುತ್ತಿದ್ದರು. ಪರದೆಯಿಲ್ಲ, ರಂಗವಿಲ್ಲ, ದೀಪವಿಲ್ಲ. ರಾವಣನ ವೇಷದವನು ನಡುಹಗಲಿನ ಬಿಸಿಲಿನಲ್ಲಿ ನಮ್ಮ ಮನೆಯ ಕಟ್ಟೆಯ ಮುಂದೆ ನಿಂತು ಮಾತು ಶುರು ಮಾಡಿದರೆ ಆ ಕಟ್ಟೆಯೇ ಲಂಕೆಯಾಗುತ್ತಿತ್ತು. ರಾತ್ರಿಯ ರಂಗದಲ್ಲಿ ಕತ್ತಲೆ ನಟನಿಗೆ ನೆರವಾಗುತ್ತದೆ. ಹಗಲುವೇಷದವನಿಗೆ ಅಂತಹ ಆಸರೆಯಿಲ್ಲ, ಬೆವರು ಬಣ್ಣವನ್ನು ಇಳಿಸುವುದರೊಳಗೆ ನೋಡುವವರನ್ನು ನಂಬಿಸಬೇಕು. ಮನೆಯೊಡತಿಯ ಮುಖ ನೋಡಿ, ಮನೆಯಲ್ಲಿ ಮದುವೆಯೋ ಸಾವೋ ಎಂದು ತಿಳಿದು, ಅದಕ್ಕೆ ತಕ್ಕಂತೆ ಮಾತು ಕಟ್ಟುತ್ತಿದ್ದರು. ಒಂದು ಮನೆಯ ಮುಂದೆ ಆಡಿದ ಮಾತು ಇನ್ನೊಂದರ ಮುಂದೆ ಅದೇ ರೀತಿ ಬರುತ್ತಿರಲಿಲ್ಲ. ಸೃಜನಶೀಲತೆ ಎಂಬ ಪದವನ್ನು ನಾನು ಆಮೇಲೆ ಪುಸ್ತಕದಲ್ಲಿ ಓದಿದೆ. ಅದನ್ನು ಕಂಡದ್ದು ಆ ಕಟ್ಟೆಯ ಮೇಲೆ ಕುಳಿತು. ಮೊಹರಂ ಸಮಯದಲ್ಲಿ ರಿವಾಯತ್ ಹಾಡುವವರೂ ಹಾಗೆಯೇ. ಎರಡು ತಂಡಗಳು ಎದುರುಬದುರು ನಿಂತು, ಒಬ್ಬರ ಪದಕ್ಕೆ ಇನ್ನೊಬ್ಬರು ಅಲ್ಲಿಯೇ ಉತ್ತರ ಕಟ್ಟುವುದನ್ನು ಬೆಳಗಿನ ಜಾವದವರೆಗೆ ಕೇಳಿದ್ದೇನೆ. ಹಿಂದೂ ಮುಸ್ಲಿಂ ಎಂಬ ಭೇದವಿಲ್ಲದೆ ಹೆಜ್ಜೆ ಹಾಕುತ್ತಿದ್ದರು.

ಇವರಿಗೆ ನಮ್ಮ ಪೇಟೆಗಳಲ್ಲಿ ಈಗ ನಿಲ್ಲುವ ಜಾಗವಿಲ್ಲ. ದೇವಿಯನ್ನು ಹೊತ್ತು ಮನೆಮನೆಗೆ ಬರುವ ದುರುಗಮುರಿಗಿಯವರು ಬಂದರೆ ಗೇಟು ಹಾಕುತ್ತಾರೆ. ವಕೀಲರೇ, ಕಾನೂನು ಇವರನ್ನು ಏನೆಂದು ಕರೆಯುತ್ತದೆ?

ವಕೀಲರು, ಕಲಬುರಗಿ

ನೋವಿನ ಉತ್ತರವನ್ನೇ ಕೊಡಬೇಕಾಗಿದೆ. 1959ರ ಮುಂಬೈ ಭಿಕ್ಷಾಟನೆ ತಡೆ ಕಾಯ್ದೆಯು ಹಾಡುವುದು, ಕುಣಿಯುವುದು, ಭವಿಷ್ಯ ಹೇಳುವುದು ಇವುಗಳ ನೆಪದಲ್ಲಿ ಸಾರ್ವಜನಿಕ ಜಾಗದಲ್ಲಿ ಕಾಸು ಕೇಳುವುದನ್ನೂ ಭಿಕ್ಷಾಟನೆಯೆಂದೇ ಎಣಿಸಿತು. ಕಲೆಯನ್ನು ಕಾಯ್ದೆ ನೋಡಿದ್ದು ನೆಪವೆಂದು. ದೆಹಲಿಗೂ ವಿಸ್ತರಿಸಿದ್ದ ಆ ಕಾಯ್ದೆಯ ಭಿಕ್ಷಾಟನೆಯನ್ನು ಅಪರಾಧವೆನ್ನುವ ಕಲಂಗಳನ್ನು ಅಲ್ಲಿನ ಹೈಕೋರ್ಟ್ 2018ರ ಆಗಸ್ಟ್‌ನಲ್ಲಿ ರದ್ದುಪಡಿಸಿತು. ಆ ತೀರ್ಪಿನ ಮಟ್ಟಿಗೆ ನನಗೆ ಸಮಾಧಾನವಿದೆ.

ನಿವಾಸಿ, ಹುಮನಾಬಾದ್ ರಿಂಗ್ ರಸ್ತೆ

ನಾನು ಕಲೆಯನ್ನು ಓದಿದವನಲ್ಲ. ನಮ್ಮ ಬಡಾವಣೆಯ ಹತ್ತಿರ ಒಂದು ಕಚೇರಿಯ ಕಾಂಪೌಂಡ್ ಗೋಡೆಗೆ ಕೆಲವು ವರ್ಷಗಳ ಹಿಂದೆ ನವಿಲು, ಗಿಡ, ಸ್ವಚ್ಛತೆಯ ಸಂದೇಶಗಳನ್ನು ಬರೆಸಿದರು. ಮೊದಲ ಬೇಸಿಗೆಯಲ್ಲಿಯೇ ಬಣ್ಣ ಹಕ್ಕಳೆಗಟ್ಟಿ ಉದುರತೊಡಗಿತು. ಎರಡನೆಯ ವರ್ಷ ಅದರ ಮೇಲೆ ಟ್ಯೂಷನ್ ಪೋಸ್ಟರ್‌ಗಳು ಬಂದವು, ಕೆಳಗೆ ಗುಟ್ಕಾ ಉಗುಳು. ನವಿಲಿನ ಕುತ್ತಿಗೆ ಮಾತ್ರ ಉಳಿದಿದೆ. ದಿನವೂ ಅದನ್ನು ನೋಡಿಕೊಂಡು ಹೋಗುವಾಗ ಸಂಕಟವಾಗುತ್ತದೆ. ಆ ಹಿರಿಯರ ಪ್ರಶ್ನೆ ನಮ್ಮ ಗೋಡೆಗೂ ಅನ್ವಯಿಸುತ್ತದೆಯಲ್ಲವೇ? ಗೊತ್ತಿದ್ದವರು ದಯವಿಟ್ಟು ಉತ್ತರಿಸಿ.

ಸಿವಿಲ್ ಎಂಜಿನಿಯರ್, ಶಹಾಬಾದ್

ಖಂಡಿತವಾಗಿ ಅನ್ವಯಿಸುತ್ತದೆ. ಆ ಪ್ರಶ್ನೆಗೆ ನಕ್ಕವರು ಅದರ ಆಳವನ್ನು ತಿಳಿಯಲಿಲ್ಲ.

ಹೊಸ ಸಿಮೆಂಟ್ ಗಿಲಾವಿನಲ್ಲಿ ಕ್ಷಾರ ಬಹಳ ಇರುತ್ತದೆ. ಎಣ್ಣೆ ಆಧಾರದ ಎನಾಮೆಲ್ ಬಣ್ಣವನ್ನು ಅದರ ಮೇಲೆ ನೇರವಾಗಿ ಹೊಡೆದರೆ ಎಣ್ಣೆಯೂ ಕ್ಷಾರವೂ ಸೇರಿ, ಸಾಬೂನು ತಯಾರಾಗುವ ರೀತಿಯಲ್ಲಿಯೇ ಬಣ್ಣ ಮೆತ್ತಗಾಗಿ ಅಂಟು ಕಳೆದುಕೊಳ್ಳುತ್ತದೆ. ಅದಕ್ಕಾಗಿ ಗಿಲಾವು ಮುಗಿದ ಮೇಲೆ ಕನಿಷ್ಠ 28 ದಿನ ಬಿಟ್ಟು, ಕ್ಷಾರ ತಡೆಯುವ ಪ್ರೈಮರ್ ಕೊಡಬೇಕು. ಹಳೆಯ ಗೋಡೆಗಳ ತೊಂದರೆ ಬೇರೆ. ಅಲ್ಲಿ ವರ್ಷವರ್ಷ ಹೊಡೆದ ಸುಣ್ಣ ಪದರಪದರವಾಗಿ ಕೂತಿರುತ್ತದೆ, ಕೈಗೆ ಹಿಟ್ಟಿನಂತೆ ಹತ್ತುತ್ತದೆ. ಬಣ್ಣ ಹಿಡಿಯುವುದು ಸುಣ್ಣವನ್ನು, ಗೋಡೆಯನ್ನಲ್ಲ. ಸುಣ್ಣ ಬಿಟ್ಟ ದಿನ ಬಣ್ಣವೂ ಬೀಳುತ್ತದೆ. ಆದ್ದರಿಂದ ಮೊದಲು ಕೆರೆದು ತೆಗೆಯಬೇಕು. ಎನಾಮೆಲ್ ಗೋಡೆಯ ಒಳಗಿನ ತೇವವನ್ನು ಹೊರಬಿಡದೆ ಗುಳ್ಳೆ ಎಬ್ಬಿಸುವುದರಿಂದ, ಹೊರಗೋಡೆಗೆ ನೀರು ಆಧಾರದ ಅಕ್ರಿಲಿಕ್ ಎಮಲ್ಷನ್ ಮೇಲು.

ನಮ್ಮ ಭಾಗದಲ್ಲಿ ಇನ್ನೂ ಎರಡು ಸಂಗತಿಗಳಿವೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಅದರ ಮೇಲೆ ನಿಂತ ಕಾಂಪೌಂಡ್ ಗೋಡೆಯೂ ಬಿರುಕು ಬಿಡುತ್ತದೆ. ಬಿರುಕು ತುಂಬದೆ ಬರೆದ ಚಿತ್ರ ಎರಡು ವರ್ಷ ಬಾಳುವುದಿಲ್ಲ. ಮೇ ತಿಂಗಳಲ್ಲಿ 42–43 ಡಿಗ್ರಿ ತಲುಪುವ ಬಿಸಿಲಿಗೆ ದಕ್ಷಿಣ ಮತ್ತು ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಗಳು ಬಹಳ ಕಾಯುತ್ತವೆ. ಥಳಥಳಿಸುವ ಕೆಂಪುಗಳಲ್ಲಿ ಹಲವು ಬೇಗ ಮಾಸುತ್ತವೆ. ಆದರೆ ನಮ್ಮ ಹಳೆಯ ಮನೆಗಳ ಕಾರಣೆಗೆ, ಅಂದರೆ ಗೋಡೆಯ ಅಲಂಕಾರದ ಪಟ್ಟೆಗಳಿಗೆ, ಹಚ್ಚುತ್ತಿದ್ದ ಜಾಜು ಎಂಬ ಕೆಮ್ಮಣ್ಣು ಕಬ್ಬಿಣದ ಆಕ್ಸೈಡ್ ಆದ್ದರಿಂದ ಬಿಸಿಲಿಗೆ ಹೆದರುವುದಿಲ್ಲ. ನಮ್ಮ ಆಯಿ ಯಾವ ಪ್ರಯೋಗಾಲಯವನ್ನೂ ನೋಡದೆ ಅದನ್ನೇ ಆರಿಸಿಕೊಂಡಿದ್ದರು.

ದೊಡ್ಡ ನಗರಗಳಲ್ಲಿ ಅನುಮತಿ ಪಡೆದು ಬರೆಯುವ ಗೋಡೆಗಳಿಗೆ ಸಾಮಾನ್ಯವಾಗಿ ಪ್ರೈಮರ್ ಕೊಟ್ಟು, ಎಮಲ್ಷನ್ನಿನ ತಳಬಣ್ಣವನ್ನು ರೋಲರ್‌ನಿಂದ ಹೊಡೆಯುತ್ತಾರೆ. ರಾತ್ರಿ ಕದ್ದು ಬರೆಯುವವರಿಗೆ ಅದಕ್ಕೆ ಬಿಡುವಿಲ್ಲ, ಸ್ಪ್ರೇ ಡಬ್ಬಿಯ ಬಣ್ಣ ನೇರವಾಗಿ ಇಟ್ಟಿಗೆಯ ಮೇಲೆ ಬೀಳುತ್ತದೆ. ಹ್ಯಾರಿಂಗ್ ಅವರಿಗೆ ಕಪ್ಪು ಕಾಗದವೇ ಅಸ್ತರ. ಇದನ್ನು ಆ ಹಿರಿಯರಿಗೆ ತಲುಪಿಸಿದರೆ ಉಪಕಾರವಾಗುತ್ತದೆ.

ದೃಶ್ಯಕಲಾ ವಿದ್ಯಾರ್ಥಿನಿ, ಕಲಬುರಗಿ

ನಿನ್ನೆ ಮಧ್ಯಾಹ್ನ ಕ್ಯಾಮೆರಾ ಹಿಡಿದು ಚೌಕಿನಿಂದ ಸೂಪರ್ ಮಾರ್ಕೆಟ್‌ವರೆಗೆ ನಡೆದೆ. ಕೈಯಲ್ಲಿ ಬರೆದ ಬೋರ್ಡ್‌ಗಳು ಹನ್ನೊಂದು ಸಿಕ್ಕವು. ಹೆಚ್ಚಿನವು ಹೊಸ ಬೋರ್ಡಿನ ಹಿಂದೆ ಅರ್ಧ ಮುಚ್ಚಿಹೋಗಿವೆ. ಒಂದು ಹೊಲಿಗೆ ಅಂಗಡಿಯ ಬೋರ್ಡಿನಲ್ಲಿ "ಟೇಲರ್" ಎಂಬ ಪದದ ಲಕಾರದ ಸುಳಿಯಿಂದ ದಾರವೊಂದು ಹೊರಟು ಸೂಜಿಯ ಕಣ್ಣಿನೊಳಗೆ ಹೊಕ್ಕಿದೆ. ಹಾಗೆ ಬರೆಯಲು ಹೇಳಿದವರು ಯಾರೆಂದು ಅಂಗಡಿಯವರನ್ನು ಕೇಳಿದೆ. ಯಾರೂ ಹೇಳಲಿಲ್ಲ, ಪೇಂಟರ್ ಕಾಕಾ ತಾವೇ ಬರೆದರು, ಅದಕ್ಕೆ ಬೇರೆ ದುಡ್ಡೂ ಕೇಳಲಿಲ್ಲ ಎಂದರು.

ತಾವಾಗಿ ಗೋಡೆ ಆರಿಸಿಕೊಂಡವರಿಗೂ ಕೂಲಿಗೆ ಬರೆದವರಿಗೂ ವ್ಯತ್ಯಾಸವಿದೆ ಎಂಬ ನನ್ನ ಮಾತನ್ನು ನಾನು ಹಿಂತೆಗೆದುಕೊಳ್ಳುತ್ತಿಲ್ಲ. ಆದರೆ ಆ ದಾರಕ್ಕೆ ಕೈಚಳಕ ಎಂಬ ಪದ ಸಾಲುವುದಿಲ್ಲ. ಹನ್ನೊಂದು ಚಿತ್ರಗಳನ್ನೂ ಜಾಗದ ಗುರುತಿನ ಸಮೇತ ಪಟ್ಟಿ ಮಾಡುತ್ತಿದ್ದೇನೆ. ನಿಮಗೆ ಕಂಡ ಬೋರ್ಡ್‌ಗಳನ್ನೂ ತಿಳಿಸಿ. ಬರೆದವರ ಹೆಸರನ್ನು ಅಂಗಡಿಯವರಲ್ಲಿ ಕೇಳಲು ಮರೆಯಬೇಡಿ. ಹನ್ನೊಂದರಲ್ಲಿ ಎರಡಕ್ಕೆ ಮಾತ್ರ ನನಗೆ ಹೆಸರು ಸಿಕ್ಕಿದೆ.

ಚರ್ಚೆ ಆರಂಭಿಸಿದವರು

ಇಂದು ಬೆಳಿಗ್ಗೆ ಆ ಹಿರಿಯರ ಮನೆಗೆ ಹೋಗಿದ್ದೆ. ಎಂಜಿನಿಯರ್ ಅವರ ಉತ್ತರವನ್ನು ಪೂರ್ತಿಯಾಗಿ ಓದಿ ಹೇಳಿದೆ. ಸುಣ್ಣ ಕೆರೆಯುವ ಮಾತು ಬಂದಾಗ ತಲೆಯಾಡಿಸಿದರು. ಎನಾಮೆಲ್ ಬೇಡವೆಂಬುದನ್ನು ಮಾತ್ರ ಅಷ್ಟು ಸುಲಭವಾಗಿ ಒಪ್ಪಲಿಲ್ಲ. ತಗಡಿಗೆ ಅದರಂತಹದು ಇನ್ನೊಂದಿಲ್ಲ, ಗೋಡೆಗೆ ಬೇಡವೆಂದರೆ ಬೇಡ ಎಂದರು. ಲೋಧಿ ಕಾಲೊನಿಯ ಗೋಡೆಯೊಂದರ ಚಿತ್ರವನ್ನು ಮೊಬೈಲಿನಲ್ಲಿ ಹಿಗ್ಗಿಸಿ ಬಹಳ ಹೊತ್ತು ನೋಡಿದರು. ದೊಡ್ಡ ವೃತ್ತವನ್ನು ನೂಲಿನಿಂದ ಎಳೆದಿದ್ದಾರೆ, ಆದರೆ ಎಲೆಗಳ ಅಂಚನ್ನು ಕೈಯಿಂದಲೇ ಎಳೆದಿದ್ದಾರೆ ಎಂದು ಬೆರಳಿಟ್ಟು ತೋರಿಸಿದರು. ನಮ್ಮಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಆಮೇಲೆ ನನ್ನ ಮುಖ ನೋಡಿ, "ಅಸ್ತರದ್ದು ಗೊತ್ತಾತು. ಗ್ವಾಡಿ ಎಲ್ಲದ?" ಎಂದು ಕೇಳಿದರು.

ನಮ್ಮ ಶಾಲೆಯ ಕಾಂಪೌಂಡಿನ ಒಂದು ಬದಿ ಉತ್ತರಕ್ಕೆ ಮುಖ ಮಾಡಿದೆ, ಬಿಸಿಲು ಕಡಿಮೆ. ಮುಖ್ಯ ಗುರುಗಳು ಒಪ್ಪಿದ್ದಾರೆ. ವಕೀಲರು ಹೇಳಿದಂತೆ ಒಪ್ಪಿಗೆಯನ್ನು ಬರವಣಿಗೆಯಲ್ಲಿಯೇ ಪಡೆಯುತ್ತೇನೆ, ನಗರಾಡಳಿತಕ್ಕೂ ಅರ್ಜಿ ಕೊಡುತ್ತೇನೆ. ಮಳೆಗಾಲ ಮುಗಿದು ಗೋಡೆ ಒಣಗಿದ ಮೇಲೆ, ದಸರೆಯ ರಜೆಯಲ್ಲಿ ಕೆಲಸ ಆರಂಭಿಸಬಹುದೆಂದು ಆ ಹಿರಿಯರ ಅಭಿಪ್ರಾಯ. ಏನು ಬರೆಯುತ್ತೀರಿ ಎಂದು ಕೇಳಿದ್ದಕ್ಕೆ ಕನ್ನಡ ವರ್ಣಮಾಲೆಯನ್ನು ಒತ್ತುಗಳ ಸಮೇತ ಬರೆಯುತ್ತೇನೆ, ಅದರ ಕೆಳಗೆ ಉರ್ದು ಅಕ್ಷರಗಳು ಬಲದಿಂದ ಬರಲಿ ಎಂದರು. ಉರ್ದುವಿಗೆ ಒಬ್ಬರು ಬೇಕು. ಬ್ರಹ್ಮಪುರದ ಅಕ್ಕನವರೇ, ನಿಮ್ಮ ತಂದೆಯವರ ಜೊತೆ ಬರೆಯುತ್ತಿದ್ದ ಕಾತಿಬ್ ಸಾಹೇಬರು ಈಗ ಎಲ್ಲಿದ್ದಾರೆಂದು ವಿಚಾರಿಸಿ ತಿಳಿಸುವಿರಾ? ಅವರಿಗೆ ಕೈ ನಡುಗುತ್ತಿದ್ದರೂ ಚಿಂತೆಯಿಲ್ಲ, ಅವರು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟರೆ ಹುಡುಗರು ಬಣ್ಣ ತುಂಬುತ್ತಾರೆ. ವಿದ್ಯಾರ್ಥಿನಿಯರು ಬರುವುದಾದರೆ ಕೆರೆಯುವ ಕೆಲಸಕ್ಕೇ ಮೊದಲು ಬರಬೇಕಂತೆ, ಬ್ರಷ್ ಆಮೇಲೆ.

ಗೋಡೆ 42 ಅಡಿ ಉದ್ದ, 6 ಅಡಿ ಎತ್ತರವಿದೆ. ಒತ್ತಕ್ಷರಗಳಿಗೆ ಕೆಳಗೆ ಒಂದು ಅಡಿ ಬಿಡಬೇಕೆಂದು ಹಿರಿಯರು ಈಗಾಗಲೇ ಲೆಕ್ಕ ಹಾಕಿದ್ದಾರೆ.